ಚಿವಿತಾವೆಕ್ಕಿಯಾದಿಂದ ಭೀಮೆಯ ದಂಡೆಗೆ: ಹಡಗು ಇಳಿದು ಊರು ಸೇರಿದ ಆರು ದಿನ

ಮೊದಲನೇ ದಿನ

ರಾತ್ರಿ ಹನ್ನೊಂದೂಕಾಲಕ್ಕೆ ಕೊನೆಯ ಸೆಟ್ ಶುರುವಾಯಿತು. 45 ನಿಮಿಷ ನುಡಿಸುವುದು, ಸ್ವಲ್ಪ ಬಿಡುವು, ಮತ್ತೆ 45 ನಿಮಿಷ. ಮೇ ತಿಂಗಳಿನಿಂದ ಡಿಸೆಂಬರ್ ತನಕ ನನ್ನ ಸಂಜೆಗಳೆಲ್ಲ ಹೀಗೇ ಕಳೆದವು. ಪ್ರವಾಸಿ ಹಡಗಿನ ಬ್ಯಾಂಡಿನಲ್ಲಿ ನಾವು ನಾಲ್ಕು ಜನ. ಹಾಡುವವಳು ಫಿಲಿಪೀನ್ಸಿನವಳು, ಡ್ರಮ್ಸ್ ಬಾರಿಸುವವನು ಉಕ್ರೇನಿನವನು, ಬೇಸ್ ಗಿಟಾರ್ ಗೋವಾದ ಗೆಳೆಯನದು. ಕೀಬೋರ್ಡ್ ನನ್ನದು.

ಹಡಗು ನೇಪಲ್ಸ್ ಬಿಟ್ಟು ಚಿವಿತಾವೆಕ್ಕಿಯಾ ಕಡೆ ಹೊರಟಿತ್ತು. ರೋಮ್ ನೋಡಲು ಹೋಗುವವರು ಇಳಿಯುವ ಬಂದರು ಅದು. ಚಳಿಗಾಲದ ಸಮುದ್ರ, ನೆಲ ಮೆಲ್ಲಗೆ ತೂಗುತ್ತಿತ್ತು. ಅಂಥ ದಿನ ಕೀಬೋರ್ಡಿನ ಸ್ಟ್ಯಾಂಡನ್ನು ಪಟ್ಟಿ ಹಾಕಿ ಬಿಗಿಯುತ್ತೇವೆ. ಪೆಡಲ್ ಕಾಲಿನಡಿಯಿಂದ ಜಾರಿ ಹೋಗುತ್ತದೆ, ಅದನ್ನು ಹಿಮ್ಮಡಿಯಿಂದ ಹಿಡಿದುಕೊಂಡೇ ನುಡಿಸಬೇಕು. ಮುಂದಿನ ಮೇಜಿನಲ್ಲಿ ಒಂದು ವಯಸ್ಸಾದ ಜೋಡಿ ಇತ್ತು. ವಾರವಿಡೀ ಒಂದೇ ಹಾಡು ಕೇಳಿ ಕುಣಿದವರು. ಅವತ್ತೂ ಅದನ್ನೇ ಕೇಳಿದರು. ಹಾಡು ಮುಗಿದ ಮೇಲೆ ಅಜ್ಜ ಬಂದು ನನ್ನ ಕೈ ಹಿಡಿದು ನಿಂತರು. ಏನೂ ಮಾತಾಡಲಿಲ್ಲ. ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಸಂಬಳ ಅದೇ ಅಂತ ಈಗಲೂ ನಂಬಿದ್ದೇನೆ.

ಆಮೇಲೆ ಕೆಳಗಿಳಿದೆ. ಹಡಗಿನ ಹೊಟ್ಟೆಯಲ್ಲಿ ಮುಂದಿನ ತುದಿಯಿಂದ ಹಿಂದಿನ ತುದಿವರೆಗೆ ಹಾಯುವ ಉದ್ದನೆಯ ದಾರಿ ಇದೆ. ಅಮೆರಿಕದ ಒಂದು ಹೆದ್ದಾರಿಯ ಹೆಸರು ಹಿಡಿದು ನಾವೆಲ್ಲ ಅದನ್ನು ಐ-95 ಎನ್ನುತ್ತೇವೆ. ಅಡುಗೆಯವರು, ಇಸ್ತ್ರಿಯವರು, ಇಂಜಿನ್ನಿನವರು, ಕುಣಿಯುವವರು, ಎಲ್ಲರೂ ಅಲ್ಲೇ ಓಡಾಡುತ್ತಾರೆ. ನನ್ನ ಕೋಣೆಗೆ ಕಿಟಕಿ ಇರಲಿಲ್ಲ. ಎರಡು ಅಂತಸ್ತಿನ ಮಂಚ, ಅದಕ್ಕೊಂದು ಪರದೆ. ಆ ಪರದೆಯ ಒಳಗೇ ನನ್ನ ಮನೆ, ನನ್ನ ದೇವರು, ಅವ್ವ ಕಟ್ಟಿ ಕೊಟ್ಟ ಶೇಂಗಾ ಹಿಂಡಿಯ ಡಬ್ಬಿ. ಹಿಂಡಿ ಜೂನ್ ತಿಂಗಳಲ್ಲೇ ಮುಗಿದಿತ್ತು. ಡಬ್ಬಿ ಮಾತ್ರ ಇಟ್ಟುಕೊಂಡಿದ್ದೆ.

ಸಾಮಾನು ಕಟ್ಟುವಾಗ ಅಪ್ಪನ ನೆನಪು ಬಿಡಲಿಲ್ಲ. ಮೂರನೇ ತಿಂಗಳಲ್ಲಿ ಅಪ್ಪನಿಗೆ ಲಕ್ವಾ ಹೊಡೆದಿತ್ತು. ಎಡಗೈ, ಎಡಗಾಲು. ಮಾರ್ಸೇಲ್ ಬಂದರಿನಲ್ಲಿ ಪುಕ್ಕಟೆ ವೈಫೈ ಸಿಗುವ ಮೂಲೆಯಲ್ಲಿ ನಿಂತು ಫೋನ್ ತೆರೆದಾಗ ತಮ್ಮನ ಹನ್ನೊಂದು ಮಿಸ್ಡ್ ಕಾಲ್ ಇದ್ದವು. ಬಿಟ್ಟು ಬರುತ್ತೇನೆ ಅಂದೆ. ಮಧ್ಯದಲ್ಲಿ ಕಾಂಟ್ರ್ಯಾಕ್ಟ್ ಬಿಟ್ಟರೆ ವಿಮಾನದ ಖರ್ಚು ನಮ್ಮದೇ. ಆಸ್ಪತ್ರೆಯ ಬಿಲ್ಲಿಗೂ ಇದೇ ಸಂಬಳ ಬೇಕಿತ್ತು. ಕೊನೆಗೆ ಅಪ್ಪನೇ ಫೋನ್ ಇಸಿದುಕೊಂಡು ತೊದಲುತ್ತ ಹೇಳಿದ: "ಹಿಡಿದ ಕೆಲಸ ಮುಗಿಸಿ ಬಾ ತಮ್ಮಾ. ನಾ ಎಲ್ಲಿ ಹೋಗ್ತೀನಿ?" ಅವತ್ತು ರಾತ್ರಿಯೂ ಮೂರು ಸೆಟ್ ನುಡಿಸಿದೆ. ಹೇಗೆ ನುಡಿಸಿದೆನೋ ನೆನಪಿಲ್ಲ.

ಅಪ್ಪ ನಮ್ಮೂರ ಭಜನಾ ಮಂಡಳಿಯಲ್ಲಿ ಪೇಟಿ ಬಾರಿಸುವವನು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತಲೇ ಹೆಸರು. ಬಲಗೈ ಮನೆಗಳ, ಅಂದರೆ ಒತ್ತುವ ಕೀಲಿಗಳ ಮೇಲೆ, ಎಡಗೈ ಹಿಂದಿನ ತಿದಿಯ ಮೇಲೆ. ಆ ಎಡಗೈಯೇ ಹೋಗಿತ್ತು.

ಜಿನೋವಾದಲ್ಲಿ ಅಕಾರ್ಡಿಯನ್ ರಿಪೇರಿ ಮಾಡುವ ಒಬ್ಬ ಮುದುಕನ ಅಂಗಡಿಗೆ ನಾಲ್ಕು ಸಲ ಹೋಗಿದ್ದೆ. ಅಕಾರ್ಡಿಯನ್ನೂ ಪೇಟಿಯೂ ಒಂದೇ ಕುಲ. ಎರಡರಲ್ಲೂ ಹಾಡುವುದು ಲೋಹದ ತೆಳು ನಾಲಿಗೆ, ಹಾಡಿಸುವುದು ಗಾಳಿ. ಆ ನಾಲಿಗೆಯನ್ನು ಎತ್ತಿ ಹಿಡಿಯುವ ತೆಳ್ಳನೆಯ ಉಕ್ಕಿನ ಪಟ್ಟಿಯೊಂದನ್ನು ಅವರು ನನಗೆ ಕೊಟ್ಟಿದ್ದರು. ಬಟ್ಟೆಯಲ್ಲಿ ಸುತ್ತಿ ದೊಡ್ಡ ಬ್ಯಾಗಿನ ತಳದಲ್ಲಿ ಇಟ್ಟೆ.

ಎರಡನೇ ದಿನ

ಬೆಳಿಗ್ಗೆ ಆರಕ್ಕೆಲ್ಲ ಹಡಗು ಕಟ್ಟೆಗೆ ಹತ್ತಿತ್ತು. ಸೈನ್ ಆಫ್ ಆಗುವವರ ಸಾಲು ಕ್ರೂ ಆಫೀಸಿನ ಮುಂದೆ. ಕೋಣೆಯ ಚಾವಿ, ಗುರುತಿನ ಕಾರ್ಡು, ಎದೆಯ ಮೇಲಿನ ಹೆಸರಿನ ಬಿಲ್ಲೆ, ಒಂದೊಂದೇ ಒಪ್ಪಿಸಬೇಕು. ಅವರು ಪಾಸ್‌ಪೋರ್ಟು, ಸಿಡಿಸಿ ಪುಸ್ತಕ ವಾಪಸ್ ಕೊಡುತ್ತಾರೆ. ಸಿಡಿಸಿ ಅಂದರೆ ಹಡಗಿನ ಕೆಲಸದವರ ಗುರುತಿನ ಪುಸ್ತಕ. ಬಿಲ್ಲೆಯಲ್ಲಿ ನನ್ನ ಹೆಸರಿನ ಕೆಳಗೆ 'ಇಂಡಿಯಾ' ಅಂತ ಇತ್ತು. ಕೇಳಿದವರಿಗೆಲ್ಲ ಇಂಡಿಯಾದಲ್ಲಿ ಕಲಬುರಗಿ, ಕಲಬುರಗಿಯಲ್ಲಿ ಜೇವರ್ಗಿ, ಜೇವರ್ಗಿಯ ಆಚೆ ನಮ್ಮೂರು ಅಂತ ಏಳು ತಿಂಗಳು ಬಿಡಿಸಿ ಹೇಳಿದ್ದೆ.

ಏಣಿ ಇಳಿದು ನೆಲಕ್ಕೆ ಕಾಲಿಟ್ಟಾಗ ನೆಲವೇ ತೂಗಿತು. ಬಹಳ ದಿನ ನೀರಿನ ಮೇಲಿದ್ದವರಿಗೆ ಹೀಗಾಗುತ್ತದೆ. ಒಳಗಿನ ಸಮುದ್ರ ಬೇಗ ಇಳಿಯುವುದಿಲ್ಲ. ಬಂದರಿನ ಪಕ್ಕದಲ್ಲೇ ಮೈಕೆಲೇಂಜೆಲೋನ ಹೆಸರಿನ ಹಳೆಯ ಕೋಟೆ ಇದೆ. ಪ್ರತಿ ವಾರ ಅದರ ಮುಂದೆ ಹಾಯ್ದಿದ್ದೆ, ಒಳಗೆ ಹೋಗಲೇ ಇಲ್ಲ. ವ್ಯಾನಿನ ಕಿಟಕಿಯಿಂದ ಕೊನೆಯ ಸಲ ನೋಡಿದೆ. ದುಂಡನೆಯ ಬುರುಜುಗಳು. ಕಲಬುರಗಿ ಕೋಟೆಯ ಬುರುಜುಗಳು ಕಣ್ಣ ಮುಂದೆ ಬಂದವು.

ಫ್ಯುಮಿಚಿನೋ ವಿಮಾನ ನಿಲ್ದಾಣ, ಕೊಲ್ಲಿ ದೇಶದಲ್ಲಿ ವಿಮಾನ ಬದಲಿ, ರಾತ್ರಿಯೆಲ್ಲ ಅರೆನಿದ್ದೆ. ಅದರಲ್ಲಿ ಹೇಳುವಂಥದ್ದು ಏನಿಲ್ಲ.

ಮೂರನೇ ದಿನ

ಮುಂಬೈಯಲ್ಲಿ ಇಳಿದು ಗಡಿಯಾರ ನಾಲ್ಕೂವರೆ ಗಂಟೆ ಮುಂದಕ್ಕೆ ತಿರುಗಿಸಿದೆ. ಬೆಲ್ಟಿನ ಮುಂದೆ ನಿಂತೆ. ಗೋವಾದ ಗೆಳೆಯನ ಪೆಟ್ಟಿಗೆ ಬಂತು, ನನ್ನದು ಬರಲಿಲ್ಲ. ಬೆಲ್ಟ್ ನಿಂತೇ ಹೋಯಿತು. ವಿಮಾನದವರ ಕೌಂಟರಿನಲ್ಲಿ ದೂರು ಬರೆಸಿ, ಚೀಟಿ ಇಸಿದುಕೊಂಡು ಹೊರಬರುವ ಹೊತ್ತಿಗೆ ಎರಡು ತಾಸು ಆಗಿತ್ತು. ಅವ್ವನ ಶಾಲು, ತಮ್ಮನ ಮಕ್ಕಳ ಬಣ್ಣದ ಪೆಟ್ಟಿಗೆ, ಮುದುಕ ಕೊಟ್ಟ ಉಕ್ಕಿನ ಪಟ್ಟಿ, ಎಲ್ಲ ಅದರಲ್ಲೇ ಇದ್ದವು. ಅಳು ಬರುವಷ್ಟು ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ.

ಗೆಳೆಯ ನನ್ನೊಬ್ಬನನ್ನೇ ಬಿಡಲಿಲ್ಲ. ಅವನ ಬಸ್ಸು ರಾತ್ರಿ, ನನ್ನ ರೈಲು ಮರುದಿನ. ಇಬ್ಬರೂ ಸಿಎಸ್‌ಎಂಟಿ ರೈಲು ನಿಲ್ದಾಣದ ಕಡೆ ಬಂದೆವು. ಧೋಬಿ ತಲಾವ್ ಗಲ್ಲಿಯಲ್ಲಿ ನಡೆಯುತ್ತ ಅವನು ಒಂದು ಹಳೆಯ ಕಟ್ಟಡ ತೋರಿಸಿದ. ಗೋವಾದ ಹಳ್ಳಿಹಳ್ಳಿಯವರು ಮುಂಬೈಯಲ್ಲಿ ಕಟ್ಟಿಕೊಂಡ ಕೂಡುಮನೆಗಳಿವೆ, 'ಕೂಡ್' ಅನ್ನುತ್ತಾರೆ. ಹಡಗಿಗೆ ಹೋಗುವವರು, ಹಡಗಿನಿಂದ ಬಂದವರು ಅಲ್ಲೇ ತಂಗುತ್ತಿದ್ದರಂತೆ. ಅವನ ಅಜ್ಜನೂ ಅಲ್ಲಿ ಟ್ರಂಕು ಇಟ್ಟು ಹಡಗು ಹತ್ತಿದವರು, ವಾದ್ಯ ಹಿಡಿದೇ. ಇಗರ್ಜಿಯ ಶಾಲೆಯಲ್ಲಿ ಪಿಟೀಲು, ಸ್ವರಲಿಪಿ ಕಲಿತ ಮಂದಿ ಅವರು. ನಮ್ಮ ಕಡೆ ಅಂಥ ದಾರಿ ಇಲ್ಲ. ನಾನು ಕಲಿತದ್ದು ಭಜನೆಯಲ್ಲಿ, ಆಮೇಲೆ ಕಲಬುರಗಿಯ ಆರ್ಕೆಸ್ಟ್ರಾದಲ್ಲಿ. ಮದುವೆ, ಗಣಪತಿ, ಜಾತ್ರೆ ಅಂತ ಕೀಬೋರ್ಡ್ ಹೊತ್ತು ಬೀದರ್, ಯಾದಗಿರಿ ಎಲ್ಲ ತಿರುಗಿದ್ದೆ. ಹಡಗಿನ ಆಡಿಷನ್ನಿಗೆ ವಿಡಿಯೋ ಮಾಡಿ ಕಳಿಸಿದ್ದು ಅದೇ ಆರ್ಕೆಸ್ಟ್ರಾದ ಗೆಳೆಯರು.

"ಮತ್ತೆ ಹೋಗ್ತೀಯಾ?" ಅಂತ ಗೆಳೆಯ ಹಿಂದಿಯಲ್ಲಿ ಕೇಳಿದ. ಗೊತ್ತಿಲ್ಲ ಅಂದೆ.

ನಾಲ್ಕನೇ ದಿನ

ಬೆಳಿಗ್ಗೆ ಎಂಟು ದಾಟುತ್ತಿದ್ದಂತೆ ಉದ್ಯಾನ್ ಎಕ್ಸ್‌ಪ್ರೆಸ್ ಹೊರಟಿತು. ನನಗೆ ಈ ರೈಲಿನ ಮೇಲೆ ಜಾಸ್ತಿ ಪ್ರೀತಿ. ಹಗಲು ಹೊತ್ತಿನಲ್ಲಿ ಮುಂಬೈಯಿಂದ ಊರಿನ ತನಕ ದಾರಿ ಪೂರ್ತಿ ಕಾಣುತ್ತದೆ. ವಿಮಾನದಲ್ಲಿ ಬಂದರೆ ದೇಹ ಬರುತ್ತದೆ, ಮನಸ್ಸು ಹಿಂದೆ ಉಳಿಯುತ್ತದೆ. ರೈಲಿನಲ್ಲಿ ಎರಡೂ ಕೂಡಿ ಬರುತ್ತವೆ.

ಕರ್ಜತ್‌ನಲ್ಲಿ ಹಿಂದಿನಿಂದ ನೂಕಲು ಇಂಜಿನ್ ಹಚ್ಚಿದರು. ಭೋರ್ ಘಾಟಿನ ಏರು ಅಷ್ಟು ಕಡಿದು, 37 ಅಡಿ ಹೋದರೆ ಒಂದು ಅಡಿ ಮೇಲೆ. ಸುರಂಗಗಳಲ್ಲಿ ಮಕ್ಕಳೆಲ್ಲ ಕೂಗಿದರು. ರೈಲಿನ ಕೂಗು ಸುರಂಗದೊಳಗೆ ಬಂದಾಗ ನನ್ನ ಮೈ ತಾನಾಗಿ ನೆಟ್ಟಗಾಯಿತು. ಹಡಗಿನಲ್ಲಿ ಅಪಾಯದ ಕರೆ ಅಂದರೆ ಏಳು ಗಿಡ್ಡ ಕೂಗು, ಒಂದು ಉದ್ದ ಕೂಗು. ಅದು ಕೇಳಿದ ಕೂಡಲೇ ಲೈಫ್ ಜಾಕೆಟ್ ಹಾಕಿಕೊಂಡು ನಮ್ಮ ನಮ್ಮ ಜಾಗದಲ್ಲಿ ನಿಲ್ಲಬೇಕು. ಅಭ್ಯಾಸಕ್ಕೆಂದು ಎಷ್ಟೋ ಸಲ ನಿಂತಿದ್ದೇನೆ. ಕಿವಿ ಇನ್ನೂ ಎಣಿಸುತ್ತಿತ್ತು.

ಪುಣೆ, ದೌಂಡ್ ಆದ ಮೇಲೆ ಬಯಲು. ಭಿಗ್ವಣ ಬರುವಾಗ ಬಾಗಿಲ ಹತ್ತಿರ ಹೋಗಿ ನಿಂತೆ. ಆ ಭಾಗದಲ್ಲಿ ಉಜನಿ ಅಣೆಕಟ್ಟಿನ ಹಿನ್ನೀರು ಹರಡಿದೆ, ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ನನಗೆ ಹಕ್ಕಿಗಿಂತ ನೀರು ಮುಖ್ಯ. ಅದು ಭೀಮೆಯ ನೀರು. ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದ ಮುಂದೆ ಹಾದು, ಗಾಣಗಾಪುರ ದಾಟಿ ನಮ್ಮ ಹೊಲಗಳ ಕಡೆ ಬರುವ ಹೊಳೆ. ಅಲ್ಲಿ ಕಟ್ಟಿ ನಿಲ್ಲಿಸಿದರೆ ನಮ್ಮಲ್ಲಿ ಬೇಸಿಗೆಗೆ ಮರಳು ಕಾಣುತ್ತದೆ, ಅಲ್ಲಿ ಒಮ್ಮೆಲೇ ಬಿಟ್ಟರೆ ನಮ್ಮ ದಂಡೆಯ ಊರುಗಳಿಗೆ ನೀರು ನುಗ್ಗುತ್ತದೆ. ಏಳು ತಿಂಗಳು ಕಣ್ಣಿಗೆ ಕಾಣುವಷ್ಟೂ ನೀರು ನೋಡಿದ್ದೆ. ಅದರಲ್ಲಿ ಒಂದು ಬೊಗಸೆಯೂ ಕುಡಿಯುವಂಥದ್ದಲ್ಲ.

ಸೊಲ್ಲಾಪುರದಲ್ಲಿ ಶೇಂಗಾ ಚಟ್ನಿ ಮಾರುವವನು ಹತ್ತಿದ. ಹಿಂದೆಯೇ ಒಂದು ದೊಡ್ಡ ಕುಟುಂಬ ಹತ್ತಿತು. "ಸರಿರಿ, ಸ್ವಲ್ಪ ಆಚೀ ಸರೀರಿ, ಕೂಸು ಅದ" ಅಂದಳು ಒಬ್ಬ ಆಯಿ. ಕಿವಿಗೆ ನೀರು ಹೊಯ್ದ ಹಾಗಾಯಿತು. ಹಡಗಿನಲ್ಲಿ ಕನ್ನಡ ಮಾತಾಡುವವರು ಯಾರೂ ಇರಲಿಲ್ಲ. ರಾತ್ರಿ ಪರದೆಯೊಳಗೆ ನನ್ನ ಜತೆ ನಾನೇ ಮಾತಾಡಿಕೊಂಡದ್ದುಂಟು. ಎದ್ದು ಜಾಗ ಕೊಟ್ಟೆ. ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಹೊರಟವರು. ಅಕ್ಕಲಕೋಟ ರೋಡ್, ದುಧನಿ ದಾಟುವಷ್ಟರಲ್ಲಿ ನನ್ನ ಊರು, ಕೆಲಸ, ಎಷ್ಟು ಮಂದಿ ಅಣ್ಣತಮ್ಮಂದಿರು ಎಲ್ಲ ಕೇಳಿ ತಿಳಿದುಕೊಂಡಳು. ಗಾಣಗಾಪುರ ರೋಡಿನಲ್ಲಿ ಇಳಿಯುವಾಗ ನನ್ನ ಕೈಯಲ್ಲಿ ಎರಡು ಕಡಕ್ ರೊಟ್ಟಿ ಇಟ್ಟು ಹೋದಳು.

ಕಿಟಕಿಯಾಚೆ ಕಪ್ಪು ನೆಲ. ತೊಗರಿ ಕಾಯಿ ತುಂಬಿ ನಿಂತಿತ್ತು. ಜೋಳ ಮೊಣಕಾಲು ದಾಟಿತ್ತು. ಗಾಳಿಗೆ ಜೋಳ ಒಂದೇ ಸಮನೆ ಬಾಗಿ ಏಳುವುದನ್ನು ಬಹಳ ಹೊತ್ತು ನೋಡಿದೆ.

ಕಲಬುರಗಿಯಲ್ಲಿ ಇಳಿದಾಗ ಕತ್ತಲಾಗುತ್ತಿತ್ತು. ತಮ್ಮ ಬೈಕ್ ತಂದಿದ್ದ. ನನ್ನ ಹತ್ತಿರ ಒಂದೇ ಸಣ್ಣ ಚೀಲ, ಹಾಗಾಗಿ ಬೈಕೇ ಸಾಕಾಯಿತು. ಸ್ಟೇಷನ್ನಿನ ಹೊರಗೆ ಗಾಡಿಯ ಮುಂದೆ ನಿಂತು ಮಿರ್ಚಿ ಭಜಿ ತಿಂದೆವು. ರಾಮ ಮಂದಿರ ಸರ್ಕಲ್ ದಾಟಿ ಜೇವರ್ಗಿ ರಸ್ತೆ ಹಿಡಿದ ಮೇಲೆ ಚಳಿ ಶುರು. ಕಟ್ಟಿಸಂಗಾವಿಯ ಸೇತುವೆ ಮೇಲೆ ತಮ್ಮನಿಗೆ ನಿಲ್ಲಿಸಲು ಹೇಳಿದೆ. ಕೆಳಗೆ ಭೀಮೆ. ಬೆಳಿಗ್ಗೆಯಿಂದ ಇಬ್ಬರೂ ಒಂದೇ ಕಡೆಗೆ ಬಂದಿದ್ದೆವು.

ಪಡಸಾಲೆಯಲ್ಲಿ ಅಪ್ಪ ಹೊರಸಿನ ಮೇಲೆ ಕೂತಿದ್ದ. ಎಡಗೈ ತೊಡೆಯ ಮೇಲೆ ಇಟ್ಟ ವಸ್ತುವಿನ ಹಾಗೆ ಸುಮ್ಮನಿತ್ತು. ಬಲಗೈ ಎತ್ತಿ ನನ್ನ ತಲೆಯ ಮೇಲೆ ಇಟ್ಟ. "ಸೊರಗಿದಿ" ಅಂದ. ಅವ್ವ ಏನೂ ಅನ್ನಲಿಲ್ಲ, ಒಲೆಯ ಮುಂದಿನಿಂದ ಎದ್ದು ಬಂದು ಹಿಟ್ಟು ಹತ್ತಿದ ಕೈಯಿಂದಲೇ ಮುಖ ಸವರಿದಳು. ಬಿಸಿ ರೊಟ್ಟಿ, ಪುಂಡಿ ಪಲ್ಲೆ, ಮೇಲೆ ಹಸಿ ಎಣ್ಣೆ. ಎಷ್ಟು ತಿಂದೆ ಅಂತ ಲೆಕ್ಕ ಇಡಲಿಲ್ಲ.

ರಾತ್ರಿ ಚಾಪೆ ಹಾಸಿ ನೆಲದ ಮೇಲೆ ಮಲಗಿದೆ. ಶಹಾಬಾದ್ ಫರ್ಸಿಯ ನೆಲ, ಮುತ್ಯಾ ಹಾಕಿಸಿದ್ದು. ಕಣ್ಣು ಮುಚ್ಚಿದರೆ ಫರ್ಸಿಯೂ ತೂಗುತ್ತಿತ್ತು. ಅಂಗೈ ಊರಿ ತಣ್ಣನೆಯ ಕಲ್ಲು ಮುಟ್ಟಿಕೊಂಡೇ ನಿದ್ದೆ ಹೋದೆ.

ಐದನೇ ದಿನ

ಬೆಳಿಗ್ಗೆ ಚಹಾ ಕುಡಿದವನೇ ಪೇಟಿಯ ಮೇಲಿನ ಬಟ್ಟೆ ತೆಗೆದೆ. ಆಗಸ್ಟಿನಿಂದ ಯಾರೂ ಮುಟ್ಟಿರಲಿಲ್ಲ. ಮರುದಿನ ಎಳ್ಳಮಾವಾಸ್ಯೆ. ರಾತ್ರಿ ಭಜನೆ ಇದ್ದೇ ಇರುತ್ತದೆ. ತಿದಿ ಹಾಕಿ ಒಂದೊಂದೇ ಮನೆ ಒತ್ತಿದೆ. ಅಪ್ಪನ ಷಡ್ಜ ಕರಿ ಒಂದು, ಅಂದರೆ ಮೊದಲ ಕಪ್ಪು ಮನೆ. ಅದಕ್ಕೆ ಪಂಚಮ ಕರಿ ನಾಲ್ಕು. ಒತ್ತಿದರೆ ಬರೀ ಉಸಿರು, ಸ್ವರವೇ ಇಲ್ಲ. ಪಂಚಮವಿಲ್ಲದೆ ಭಜನೆ ಹೇಗೆ?

"ಬಿಚ್ಚು" ಅಂದ ಅಪ್ಪ.

ತಿರುಪು ಸಡಿಲಿಸಿ ಮನೆಗಳ ಹಲಗೆ ಎತ್ತಿ ಬೋರಲು ಹಾಕಿದೆ. ಸಾಲಾಗಿ ಹಿತ್ತಾಳೆಯ ನಾಲಿಗೆಗಳು, ಎಡಕ್ಕೆ ಉದ್ದ, ಬಲಕ್ಕೆ ಹೋದಂತೆ ಗಿಡ್ಡ. ಒಂದು ತುದಿ ರಿವೆಟ್ ಹೊಡೆದು ಕೂರಿಸಿದ್ದು, ಇನ್ನೊಂದು ತುದಿ ಸೀಳಿನ ಮೇಲೆ ಕೂದಲೆಳೆಯಷ್ಟು ಎತ್ತರದಲ್ಲಿ ಬಿಡುವಾಗಿ ನಿಂತಿದ್ದು. ಕರಿ ನಾಲ್ಕರ ನಾಲಿಗೆಯ ಬದಿಯಲ್ಲಿ ಧೂಳಿನ ಸಣ್ಣ ಎಳೆ ಸಿಕ್ಕಿಕೊಂಡಿತ್ತು, ಬುಡದಲ್ಲಿ ಹಸಿರು ಕಿಲುಬು. ಜಿನೋವಾದ ಪಟ್ಟಿ ಇದ್ದಿದ್ದರೆ ಎರಡು ನಿಮಿಷದ ಕೆಲಸ. ಅದಿರಲಿಲ್ಲ. ಅಪ್ಪ ಗೋಡೆಯ ಕ್ಯಾಲೆಂಡರ್ ತೋರಿಸಿದ. ಅದರ ದಪ್ಪ ಹಾಳೆಯಿಂದ ಬೆರಳಗಲದ ಚೂರು ಕತ್ತರಿಸಿ ನಾಲಿಗೆಯ ಕೆಳಗೆ ತೂರಿಸಿದೆ. ಮೆಲ್ಲಗೆ ಎಳೆದೆ. ಧೂಳು ಹೊರಬಂತು. ಕಿಲುಬನ್ನು ದಾಡಿಯ ಬ್ಲೇಡಿನ ಅಂಚಿನಿಂದ ಕೆರೆದೆ.

ಹಲಗೆ ಕೂರಿಸಿ ಒತ್ತಿದೆ. ಸ್ವರ ಬಂತು, ಆದರೆ ಇಳಿದಿತ್ತು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. "ತುದೀಗೆ ಕೆರಿ. ಬುಡಕ್ಕೆ ಬ್ಯಾಡ." ಸರಿಯಾದ ಮಾತು. ತುದಿ ಹಗುರಾದರೆ ಸ್ವರ ಏರುತ್ತದೆ, ಬುಡ ತೆಳುವಾದರೆ ಇಳಿಯುತ್ತದೆ. ಜಿನೋವಾದ ಮುದುಕ ಹೇಳಿದ್ದೂ ಇದನ್ನೇ. ಅಪ್ಪನಿಗೆ ಇದು ಗೊತ್ತಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕೇಳಿರಲಿಲ್ಲ, ಅಷ್ಟೆ. ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಕೂರಿಸಿದ ಮೇಲೆ ಅಪ್ಪ ತಲೆ ಆಡಿಸಿದ.

ಪೇಟಿಯೂ ಕಡಲು ದಾಟಿ ಬಂದದ್ದೇ. 1842ರಲ್ಲಿ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡರ್ ದೆಬೆಯಿನ್ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಅಲ್ಲಿ ಅದಕ್ಕೆ ಕಾಲುಗಳಿದ್ದವು. ಕುರ್ಚಿಯ ಮೇಲೆ ಕೂತು ಕಾಲಿನಿಂದ ತಿದಿ ಒತ್ತಿ ಎರಡೂ ಕೈಯಿಂದ ನುಡಿಸುತ್ತಿದ್ದರು. ನಮ್ಮ ದೇಶಕ್ಕೆ ಬಂದ ಮೇಲೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅಂಥವರು ಅದನ್ನು ನೆಲಕ್ಕೆ ಇಳಿಸಿದರು. ಕಾಲು ಹೋಯಿತು, ತಿದಿ ಬೆನ್ನಿಗೆ ಬಂತು, ಎಡಗೈ ಗಾಳಿಯ ಪಾಲಾಯಿತು. ಆಕಾಶವಾಣಿ 1940ರಿಂದ 30 ವರ್ಷಕ್ಕೂ ಮೇಲೆ ಅದನ್ನು ಹೊರಗಿಟ್ಟಿತ್ತು. ನಮ್ಮ ಹಳ್ಳಿಗಳ ಭಜನೆ ಮಾತ್ರ ಅದನ್ನು ಕೈಬಿಡಲಿಲ್ಲ.

ಮಧ್ಯಾಹ್ನ ವಿಮಾನದವರ ಫೋನ್ ಬಂತು. ಬ್ಯಾಗು ಸಿಕ್ಕಿದೆ, ವಾರದೊಳಗೆ ಕಳಿಸುತ್ತಾರಂತೆ. ಆಗಲಿ ಅಂದೆ.

ಆರನೇ ದಿನ

ಎಳ್ಳಮಾವಾಸ್ಯೆ ನಮ್ಮ ಕಡೆ ಮನೆಯಲ್ಲಿ ಕೂತು ಮಾಡುವ ಹಬ್ಬವಲ್ಲ. ಬುಟ್ಟಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಬೇಕು. ಸಜ್ಜೆ ರೊಟ್ಟಿ, ಕಡಬು, ಎಳ್ಳಿನ ಹೋಳಿಗೆ, ಶೇಂಗಾ ಹೋಳಿಗೆ, ಅಂಬಲಿ, ಮತ್ತೆ ಭಜ್ಜಿ. ಇದು ಎಣ್ಣೆಯಲ್ಲಿ ಕರಿಯುವ ಭಜಿ ಅಲ್ಲ. ಹಸಿ ತೊಗರಿ ಕಾಳು, ಅವರೆ, ಬದನೆಕಾಯಿ, ಸೊಪ್ಪುಗಳು, ಹುಣಸೆ, ಕಡಲೆ ಹಿಟ್ಟು ಕೂಡಿಸಿ ಕುದಿಸುವ ಪಲ್ಲೆ. ಜೋಳದ ಹೊಲದ ನಡುವೆ ಪೂಜೆ ಮಾಡಿ, ಬೆಳೆಯ ಸುತ್ತ ಚರಗ ಚೆಲ್ಲುತ್ತಾರೆ. ಭೂಮಿತಾಯಿ ಈಗ ಬಸುರಿ, ಇದು ಅವಳ ಬಯಕೆಯ ಊಟ ಅಂತ ಅವ್ವ ಹೇಳುತ್ತಾಳೆ. ಅಪ್ಪನನ್ನು ತಮ್ಮನೂ ನಾನೂ ಎತ್ತಿಕೊಂಡು ಬಂದು ಬೇವಿನ ಗಿಡದ ಕೆಳಗೆ ಕೂರಿಸಿದೆವು. ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದು ಉಣ್ಣಿಸಿದ. ನಾಲ್ಕು ತಿಂಗಳಿನಿಂದ ಅಪ್ಪ ಹೊಲ ನೋಡಿರಲಿಲ್ಲ. ಜೋಳದ ಗರಿಯೊಂದನ್ನು ಬಲಗೈಯಲ್ಲಿ ಹಿಡಿದುಕೊಂಡೇ ಇದ್ದ.

ರಾತ್ರಿ ಗುಡಿಯ ಕಟ್ಟೆ ಮೇಲೆ ಮಂಡಳಿ ಸೇರಿತು. ತಬಲಾ-ಡಗ್ಗಾ, ದಮ್ಮಡಿ, ಏಕತಾರಿ, ನಾಲ್ಕು ಜತೆ ತಾಳ. ಹೆಚ್ಚಾಗಿ ಹಾಡುವುದು ತತ್ವಪದ. ತತ್ವಪದ ಕಟ್ಟಿದ ಕಡಕೋಳದ ಮಡಿವಾಳಪ್ಪ ನಮ್ಮ ಸೀಮೆಯವರು. ಅವರ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಹೇಬರೂ ಇದ್ದರು. ನಮ್ಮ ಮಂಡಳಿಯಲ್ಲೂ ಎಲ್ಲ ಓಣಿಯವರಿದ್ದಾರೆ, ಪದ ಹಾಡುವಾಗ ಯಾರು ಯಾವ ಓಣಿ ಅಂತ ತಿಳಿಯುವುದಿಲ್ಲ.

ಪೇಟಿಯ ಮುಂದೆ ನಾನು ಕೂರಬೇಕು ಅಂತ ಕಾಕಾ ಅಂದರು. ಕೂತೆ. ಒಂದು ಪದ ನುಡಿಸಿದೆ. ಬೆರಳು ಓಡುತ್ತಿತ್ತು, ಏಳು ತಿಂಗಳ ರೂಢಿ. ಎಡಗೈ ತಿದಿಯ ಮೇಲಿದೆ ಅನ್ನುವುದು ಮರೆತು ಮರೆತು ಹೋಗುತ್ತಿತ್ತು. ಪದದ ಮಧ್ಯದಲ್ಲೇ ಸ್ವರ ಸೊರಗುತ್ತಿತ್ತು. ಕರೆಂಟಿನ ಕೀಬೋರ್ಡಿಗೆ ಗಾಳಿ ಬೇಡ ಅಲ್ವಾ. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಅವನ ಬಲಗೈಯ ಬೆರಳುಗಳು ತೊಡೆಯ ಮೇಲೆ ಓಡುತ್ತಿದ್ದವು. ಅದನ್ನು ನೋಡಿದ ಮೇಲೆ ನನಗೆ ನುಡಿಸಲು ಆಗಲಿಲ್ಲ.

ಎದ್ದೆ. ತಮ್ಮನನ್ನು ಕರೆದು ಅಪ್ಪನನ್ನು ಪೇಟಿಯ ಮುಂದೆ ಕೂರಿಸಿದೆವು, ಬೆನ್ನಿಗೆ ಎರಡು ದಿಂಬು ಕೊಟ್ಟೆವು. ನಾನು ಪೇಟಿಯ ಹಿಂದೆ, ಅಪ್ಪನಿಗೆ ಎದುರಾಗಿ ಕೂತು ತಿದಿಗೆ ಕೈ ಹಾಕಿದೆ. ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಕರಿ ಒಂದರ ಮೇಲೆ ಹೆಬ್ಬೆರಳು ಇಟ್ಟ.

ಎದುರಿನಿಂದ ತಿದಿ ಹಾಕುವುದು ಸುಲಭವಲ್ಲ. ಸ್ವರ ಎಲ್ಲಿ ಹಿಗ್ಗುತ್ತದೆ, ಎಲ್ಲಿ ತಗ್ಗುತ್ತದೆ ಅಂತ ಬಾರಿಸುವವನ ಮನಸ್ಸಿನಲ್ಲಿರುತ್ತದೆ. ಅದು ನನ್ನ ಕೈಗೆ ಬರಬೇಕು. ಮೊದಲ ಎರಡು ಪದ ತಪ್ಪಿದೆ, ಬೇಕಾದಲ್ಲಿ ಗಾಳಿ ಇಲ್ಲ, ಬೇಡವಾದಲ್ಲಿ ಜಾಸ್ತಿ. ಮೂರನೆಯದಕ್ಕೆ ಅಪ್ಪನ ಭುಜ ನೋಡುವುದನ್ನು ಕಲಿತೆ. ಸ್ವರ ಎತ್ತುವ ಮೊದಲು ಅವನ ಬಲಭುಜ ಒಂದು ಎಳೆಯಷ್ಟು ಏಳುತ್ತದೆ. ಅದೇ ಹೊತ್ತಿಗೆ ತಿದಿ ಒತ್ತಬೇಕು. ಇಲ್ಲಿ 45 ನಿಮಿಷದ ಲೆಕ್ಕವಿಲ್ಲ. ಒಂದು ಪದ ಮುಗಿಯುವ ಮೊದಲೇ ಇನ್ನೊಬ್ಬರು ಇನ್ನೊಂದು ಎತ್ತುತ್ತಿದ್ದರು.

ಚಹಾ ಎರಡು ಸಲ ಬಂತು. ಮೂಡಣ ಬೆಳ್ಳಗಾಗುವ ಹೊತ್ತಿಗೆ ಕಾಕಾ ತಾಳ ಕೆಳಗಿಟ್ಟರು. ಅಪ್ಪನ ಕೈ ಮಾತ್ರ ಮನೆಗಳ ಮೇಲಿಂದ ಏಳಲಿಲ್ಲ. ಮೆಲ್ಲಗೆ ಕರಿ ನಾಲ್ಕು ಒತ್ತಿ ಹಿಡಿದ. ನಾನು ಕಟ್ಟೆಯ ಕಲ್ಲಿಗೆ ಎಡಗೈ ಊರಿ ಮುಂದಕ್ಕೆ ಬಾಗಿದ್ದೆ, ನಿದ್ದೆ ಎಳೆಯುತ್ತಿತ್ತು.

"ಗಾಳಿ ಸಾಲವಲ್ದು ತಮ್ಮಾ," ಅಂದ ಅಪ್ಪ, ಪೇಟಿಯಿಂದ ಕಣ್ಣೆತ್ತದೆ. "ಇನ್ನಷ್ಟು ಹಾಕು."